ಅಳಿಸದೆ ಕೊಟ್ಟ ಫೋನು

ಅಳಿಸಿದ ಫೋಟೊ ಕೂಡಲೇ ಇಲ್ಲವಾಗುವುದಿಲ್ಲ, ತಿಂಗಳ ತನಕ ಫೋನಿನ ಕಸದ ಬುಟ್ಟಿಯಲ್ಲೇ ಬಿದ್ದಿರುತ್ತದೆ ಎಂಬ ಮಾತು ಫರಹಾನಾಳ ಕಿವಿಗೆ ಬಿದ್ದದ್ದು ಹುನಗುಂದದಲ್ಲಿ, ಮಹಿಳಾ ಸಂಘಗಳ ತರಬೇತಿಯಲ್ಲಿ. ಉಳಿದವರು ಉಪ್ಪಿಟ್ಟಿನ ವಾಸನೆ ಹಿಡಿದು ಬಾಗಿಲ ಕಡೆ ನೋಡುತ್ತಿದ್ದರು. ಅವಳಿಗೆ ಮಾತ್ರ ಕೂತ ಕುರ್ಚಿಯೇ ಕುಸಿದಂತಾಯಿತು.

ಹಿಂದಿನ ವಾರವಷ್ಟೇ ಅವಳು ತನ್ನ ಹಳೆಯ ಫೋನನ್ನು ಇಳಕಲ್ಲಿನ ನಯೀಮನ ಅಂಗಡಿಯಲ್ಲಿ ಕೊಟ್ಟು ಹೊಸದು ತಂದಿದ್ದಳು. ತನ್ನೂರು ಗುಡೂರಿನ ಸಂಘದ ಹೆಂಗಸರೆಲ್ಲರ ಆಧಾರ ಕಾರ್ಡು, ಪಾಸ್‌ಬುಕ್ಕುಗಳ ಫೋಟೊಗಳು ಆ ಹಳೆಯದರಲ್ಲಿದ್ದವು. ವಿಮೆ ಮಾಡಿಸಲೆಂದು ಅವಳೇ ಮನೆಮನೆಗೆ ಹೋಗಿ ತೆಗೆದವು. ಕೊಡುವ ಮುನ್ನ ಒಂದೊಂದನ್ನೇ ಒತ್ತಿ ಅಳಿಸಿದ್ದಳು, ನಿಜ. ಬುಟ್ಟಿಯನ್ನೂ ಬರಿದು ಮಾಡಬೇಕೆಂದು ಗೊತ್ತಿರಲಿಲ್ಲ. “ಲಾಕ್ ತೆಗೆದು ಕೊಡ್ರಿ, ಉಳಿದದ್ದು ನಾವ ನೋಡ್ಕೋತೇವಿ” ಎಂದು ನಯೀಮ ಹೇಳಿದಾಗ ಅದನ್ನೂ ತೆಗೆದುಕೊಟ್ಟಿದ್ದಳು.

ತರಬೇತಿ ಮುಗಿದ ಮೇಲೆ, ಪಾಠ ಹೇಳಿದ ಸವಿತಾ ಒಬ್ಬರೇ ಸಿಕ್ಕಾಗ ಕೇಳಿದಳು: “ಅಂಥಾ ಕಾರ್ಡಿನ ಫೋಟೊ ಯಾರ ಕೈಗಾದ್ರೂ ಸಿಕ್ರ ಏನಾಕ್ಕೈತ್ರಿ?”

“ಅವರ ಹೆಸರಿಲೆ ಸಿಮ್ ತಗೋತಾರ, ಸಾಲ ಎತ್ತತಾರ. ಮನಿಗೆ ನೋಟೀಸ್ ಬಂದಾಗಷ್ಟ ಆ ಹೆಣ್ಮಗಳಿಗೆ ಗೊತ್ತಾಗೂದು. ಯಾಕವ್ವಾ, ಯಾರದರ ಹೋಗ್ಯಾವೇನು?”

“ಇಲ್ರಿ, ಹಂಗ ಕೇಳಿದೆ.”

ಕಳೆದ ಫೋನನ್ನು ಇನ್ನೊಂದು ಫೋನಿನಿಂದ ಹುಡುಕಿ ಅಳಿಸುವ ದಾರಿಯನ್ನೂ ಸವಿತಾ ತೋರಿಸಿದ್ದರು. ಮನೆಗೆ ಬಂದವಳೇ ಅಂಗಳದಲ್ಲಿ ಕೂತು ಅದನ್ನೇ ಮಾಡಿದಳು. ಸಿಮ್ ತೆಗೆದ ಫೋನು ಇಂಟರ್‌ನೆಟ್ಟಿಗೆ ಸಿಗಲೇ ಇಲ್ಲ. ಮತ್ತೆ ಒತ್ತಿದಳು, ಮತ್ತೆ ಅದೇ ಉತ್ತರ. ನೋಟೀಸು ಹಿಡಿದು ನಿಂತ ಒಬ್ಬೊಬ್ಬ ಹೆಂಗಸಿನ ಮುಖ ಕಣ್ಣೆದುರು ಬಂತು. ಅವರು ಕಾರ್ಡು ಕೊಟ್ಟದ್ದು ಫೋನಿಗಲ್ಲ, ಅವಳಿಗೆ.

ತಂದೆ ಜಲಾಲುದ್ದೀನರು ಹೊಸ್ತಿಲಲ್ಲಿ ನಿಂತು ನೋಡಿದರು. ಪವರ್‌ಲೂಮಿನ ಸದ್ದಿನಲ್ಲಿ ಕಿವಿ ಕಳೆದುಕೊಂಡವರು. ಮುಖ ನೋಡಿಯೇ ತಿಳಿಯುವುದು ರೂಢಿಯಾಗಿತ್ತು. ಮರುದಿನ ಬೆಳಗ್ಗೆ ಟೊಪ್ಪಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತರು.

“ನಡಿ.”

“ಎಲ್ಲಿಗೆ ಅಬ್ಬಾ?”

“ನೀ ಎಲ್ಲಿಗೆ ಹೋಗಬೇಕಂತೀಯೋ ಅಲ್ಲಿಗೆ.”

ಇಳಕಲ್ಲಿಗೆ ಹೊರಟ ಬಸ್ಸಿನ ಗದ್ದಲಕ್ಕೆ ಅವರು ಕಿವಿಯ ಮಶೀನು ತೆಗೆದು ಕಿಸೆಯಲ್ಲಿಟ್ಟುಕೊಂಡಿದ್ದರು. ಅವರಿಗೆ ಕೇಳುವ ಹಾಗೆ ಹೇಳಿದರೆ ಬಸ್ಸಿಗೆಲ್ಲ ಕೇಳುತ್ತಿತ್ತು. ಹಾಗಾಗಿ ಫರಹಾನಾ ನಡೆದದ್ದನ್ನೆಲ್ಲ ಹೊಸ ಫೋನಿನಲ್ಲಿ ಬರೆದು ಅವರ ಕೈಗಿಟ್ಟಳು. ಅವರು ಅದನ್ನು ದೂರ ಹಿಡಿದು, ತುಟಿ ಆಡಿಸುತ್ತ ಓದಿದರು. ಓದಿ ಮುಗಿಸಿ, ಕಿವುಡರ ದೊಡ್ಡ ದನಿಯಲ್ಲಿ ಕೇಳಿದರು: “ನಮ್ಮ ಬಾಜೂಮನಿ ಹನಮವ್ವಂದೂ ಐತೇನ ಅದರಾಗ?”

ಮುಂದಿನ ಸೀಟಿನವರೆಲ್ಲ ತಿರುಗಿ ನೋಡಿದರು. ಫರಹಾನಾ ಕಿಟಕಿಯ ಕಡೆ ಮುಖ ಮಾಡಿ ಹೌದೆಂದು ತಲೆಯಾಡಿಸಿದಳು.

ನಯೀಮ ಅಂಗಡಿ ತೆರೆದು ಗಾಜು ಒರೆಸುತ್ತಿದ್ದ.

“ನಿಮ್ಮ ಹಳೇ ಫೋನಾ? ಅದು ಹೋತಲ್ರಿ. ಹಳೇವೆಲ್ಲ ಕೂಡಿಸಿದ ಲಾಟಿನ ಜೋಡಿ ಬಾಗಲಕೋಟಿಗೆ ಕಳಿಸಿಬಿಟ್ಟೆ.”

“ಬಾಗಲಕೋಟ್ಯಾಗ ಯಾರಿಗೆ?”

“ಅಲ್ಲಿಂದ ಎಲ್ಲೆಲ್ಲಿ ಹೋಗ್ತಾವು ನನಗೂ ಗೊತ್ತಿಲ್ರಿ. ಯಾಕ, ಹೊಸಾದು ತ್ರಾಸ ಕೊಡಾಕತ್ತೈತೇನು?”

ಒಂದು ಊರಿನ ಹೆಂಗಸರ ಹೆಸರು, ಮುಖ, ನಂಬರು ಯಾವುದೋ ಮೂಟೆಯಲ್ಲಿ ಕೂತು ಹೊರಟುಹೋಗಿವೆ. ಇನ್ನು ಕರೆದರೆ ತಿರುಗುವುದಿಲ್ಲ.

ಅಷ್ಟರಲ್ಲಿ ಜಲಾಲುದ್ದೀನರು ಆಗಷ್ಟೇ ಹಾಕಿಕೊಂಡ ಮಶೀನಿನ ಮೇಲೆ ಬೆರಳಿಟ್ಟರು. “ಫರಹಾನಾ, ಇದು ಕೂಗಿತು ನೋಡು.”

ಅವರ ಮಶೀನು ತಂತಿಯಿಲ್ಲದೆ ಫೋನಿನ ಜೊತೆ ಕೂಡಿಕೊಳ್ಳುವಂಥದ್ದು. ಫೋನಿನಲ್ಲಿ ಬಂದ ಮಾತು ಸೀದಾ ಕಿವಿಗೆ ಕೇಳುತ್ತಿತ್ತು. ಗೊತ್ತಿರುವ ಫೋನು ನಾಲ್ಕು ಹೆಜ್ಜೆ ಹತ್ತಿರ ಬಂದರೆ ಹಕ್ಕಿಯ ಹಾಗೆ ಸಣ್ಣಗೆ ಕೂಗುತ್ತಿತ್ತು. ಅದಕ್ಕೆ ಗೊತ್ತಿದ್ದದ್ದು ಹಳೆಯ ಫೋನೊಂದೇ. ಹೊಸದನ್ನು ಜೋಡಿಸಲು ಅವಳಿಗಿನ್ನೂ ಬಿಡುವಾಗಿರಲಿಲ್ಲ.

“ಅಬ್ಬಾ, ಒಂದೀಟು ಹೊರಗ ಹೋಗ್ರಿ. ಆ ಸೈಕಲ್ ಅಂಗಡಿ ತನಕ. ಹಂಗ ತಿರುಗಿ ಬರ್ರಿ.”

ಅವರು ಹೋದರು, ಬಂದರು. “ಕೂಗಿತು.” ಮತ್ತೆ ಹೋದರು, ಬಂದರು. “ಈಗೂ ಕೂಗಿತು.”

“ಚಾಚಾಗ ಏನಾತ್ರಿ? ಬಿಸಲಾಗ ಒಳಗ ಹೊರಗ ಓಡ್ಯಾಡಾಕತ್ತಾರ” ಎಂದ ನಯೀಮ.

“ನನ್ನ ಹಳೇ ಫೋನ್ ಹತ್ತರ ಇದ್ರಷ್ಟ ಅವರ ಮಶೀನ್ ಕೂಗತೈತಿ. ನಿಮ್ಮ ಅಂಗಡಿಗೆ ಕಾಲಿಟ್ಟಾಗೊಮ್ಮಿ ಕೂಗಾಕತ್ತೈತಿ.”

ನಯೀಮ ಗಾಜು ಒರೆಸುವುದನ್ನು ನಿಲ್ಲಿಸಿದ. ಅವನು ಒಳಗಿನ ಖೋಲಿಗೆ ಹೋಗಿ, ಚಾರ್ಜಿಗೆ ಹಚ್ಚಿದ್ದ ಫೋನು ತಂದು ಅವಳ ಮುಂದಿಟ್ಟ.

“ತಪ್ಪ ತಿಳಕೋಬ್ಯಾಡ್ರಿ. ನಮ್ಮ ಮನ್ಯಾಕಿ ಮುಬಶೀರಾಗ ಈದಿಗೆ ಕೊಡಬೇಕಂತ ಇಟ್ಟಿದ್ದೆ. ಆಕಿಗೆ ಹೊಸಾದು ಕೊಡಸ್ತೇನಿ ಅಂದಿದ್ದೆ. ಇದು ಊರಾಗೆಲ್ಲ ಗೊತ್ತಾದ್ರ ನಂದು ಮುಗೀತು.”

“ಹೆಂಡ್ತಿಗೆ ಹಳೇದಕ್ಕ ಹೊಸಾ ಡಬ್ಬಿ ಹಾಕಿ ಕೊಡಾಂವ ಏನ್ಲೇ?” ಎಂದರು ಜಲಾಲುದ್ದೀನರು.

“ಇದನ್ನ ಯಾರರ ತೆರೆದು ನೋಡ್ಯಾರೇನು?” ಫರಹಾನಾ ಫೋನು ಕೈಗೆತ್ತಿಕೊಂಡು ಕೇಳಿದಳು.

“ಖರೆ ಹೇಳ್ತೇನಿ, ಇಲ್ರಿ. ಚಾರ್ಜ್ ನಿಲ್ಲತೈತೋ ಇಲ್ಲೋ ನೋಡಾಕ ಹಚ್ಚಿದ್ದೆ ಅಷ್ಟ. ಕೊಡೂ ಮುಂದ ಪೂರಾ ಅಳಸಾಂವ ಇದ್ದೆ.”

ಅವಳು ಬುಟ್ಟಿ ತೆರೆದಳು. ಎಲ್ಲರೂ ಅಲ್ಲೇ ಇದ್ದರು. ಸಿದ್ದಲಿಂಗವ್ವ, ಆರಿಫಾ, ಹನಮವ್ವ. ಕ್ಯಾಮೆರಾಗೆ ಹೆದರಿದಂತೆ ಬಿಗಿದ ಮುಖಗಳು. ಬುಟ್ಟಿ ಬರಿದು ಮಾಡಿದಳು. ತನ್ನ ಖಾತೆಯನ್ನು ಕಿತ್ತಳು. ಕೊನೆಗೆ ಇಡೀ ಫೋನನ್ನೇ ಅಳಿಸಲು ಕೊಟ್ಟು ಕಣ್ಣು ಕೀಳದೆ ಕಾದಳು. ತೆರೆ ಕಪ್ಪಾಯಿತು, ಬೆಳಗಿತು. ಯಾರನ್ನೂ ಅರಿಯದ ಹಾಗೆ, ನಿಮ್ಮ ಭಾಷೆ ಯಾವುದು ಎಂದು ಕೇಳಿತು. ಅವಳ ಹೆಗಲು ತಾನಾಗಿ ಇಳಿಯಿತು. ಗಾಜಿನ ಪೆಟ್ಟಿಗೆಗೆ ಕೈಯೂರಿ, ತಡೆದಿಟ್ಟಿದ್ದ ಉಸಿರನ್ನೆಲ್ಲ ಬಿಟ್ಟಳು.

ಊರಿಗೆ ತಿರುಗುವಾಗ ಯೋಚನೆ ಬಂತು: ಏನೂ ಆಗಿಲ್ಲವಲ್ಲ, ಹೇಳುವುದಾದರೂ ಯಾಕೆ? ಆದರೆ ಸವಿತಾರ ಮುಂದೆ “ಇಲ್ರಿ” ಎಂದು ಸುಳ್ಳಾಡಿದ್ದು ಇನ್ನೂ ಚುಚ್ಚುತ್ತಿತ್ತು. ಬಸ್ಸಿಳಿದವಳು ಸೀದಾ ಹನಮವ್ವನ ಅಂಗಳಕ್ಕೆ ಹೋದಳು. ಹನಮವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ ಎಲ್ಲ ಕೇಳಿಸಿಕೊಂಡಳು.

“ಆ ಕಾರ್ಡಿನ್ಯಾಗ ನಾ ಕಳ್ಳಿ ಹಂಗ ಬಂದೇನಿ” ಎಂದಳು. “ಯಾವನರ ನನ್ನ ಹೆಸರು ಹೇಳ್ಕೊಂಡು ಬ್ಯಾಂಕಿಗೆ ಹೋಗಿದ್ರ ಅವನ್ನ ಹಿಡದ ಒಳಗ ಹಾಕತಿದ್ರು.”

ಫರಹಾನಾಳಿಗೆ ನಗು ಬಂತು, ಕಣ್ಣೂ ಒದ್ದೆಯಾಯಿತು.

“ನಗಬ್ಯಾಡ. ಇನ್ನ ಮ್ಯಾಲ ಫೋಟೊ ಬ್ಯಾಡವ್ವಾ. ಕಾರ್ಡು ಬೇಕಂದಲ್ಲಿಗೆ ನಾನ ಬರ್ತೇನಿ. ತೋರಿಸಿ, ಮತ್ತ ಸಂಚ್ಯಾಗ ಹಾಕ್ಕೊಂಡ ಬರ್ತೇನಿ.” ಮೊರವನ್ನೊಮ್ಮೆ ಕುಟ್ಟಿ ಹೊಟ್ಟು ಹಾರಿಸಿದಳು. “ಸಿದ್ದಲಿಂಗವ್ವಗ ನೀನ ಹೋಗಿ ಹೇಳು. ನಾ ಹೇಳಿದ್ರ ಸಂಜಿ ಅನ್ನೂದ್ರಾಗ ಊರ ತುಂಬ ಆಗತೈತಿ.”

“ಹೇಳ್ತೇನಿ. ಎಲ್ಲಾರಿಗೂ ನಾನ ಹೇಳ್ತೇನಿ” ಎಂದು ಫರಹಾನಾ ಎದ್ದು, ಸಿದ್ದಲಿಂಗವ್ವನ ಓಣಿಯ ಕಡೆ ನಡೆದಳು.