ಲ್ಯೂಟಿನ ಕತ್ತಿಗೆ ಕುರಿಯ ಕರುಳು

ಭುಜಂಗ ಮಿರಜದಲ್ಲಿ ಕೈ ಪಳಗಿಸಿಕೊಂಡು ಪುಣೆಗೆ ಬಂದ ಸಿತಾರ್ ರಿಪೇರಿಗಾರ. ಇಪ್ಪತ್ತು ವರ್ಷದಲ್ಲಿ ಒಂದು ವಾದ್ಯವನ್ನೂ ‘ಆಗೂದಿಲ್ಲ’ ಅಂತ ವಾಪಸು ಕಳಿಸಿದವನಲ್ಲ. ಹಾಗಾಗಿಯೇ, ಜರ್ಮನ್ ಪಾಠ ಹೇಳುವ ಪಂಕಜಾಕ್ಷಿ ಮೇಡಂ ಲ್ಯೂಟ್ ಎಂಬ ಹೊಟ್ಟೆ ಉಬ್ಬಿದ ಹಳೆಯ ಯುರೋಪಿನ ತಂತಿವಾದ್ಯ ತಂದಿಟ್ಟಾಗ ಹೂಂ ಅಂದುಬಿಟ್ಟಿದ್ದ. ಅದರ ಕತ್ತಿಗೆ ಸಿತಾರಿನಂತೆ ಹಿತ್ತಾಳೆಯ ಮೆಟ್ಟಿಲುಗಳಿಲ್ಲ. ಬೆರಳಿಟ್ಟು ಸ್ವರ ಹಿಡಿಯಲು ಕುರಿಯ ಕರುಳಿನ ಎಂಟು ಸುತ್ತು ಕಟ್ಟಬೇಕು. ತಲೆಯ ಕಡೆ ದಪ್ಪದ್ದು, ಹೊಟ್ಟೆಯ ಕಡೆ ಸಣ್ಣದ್ದು. ಪರದೇಶದಿಂದ ತರಿಸಿದ ಕರುಳು, ಎಂಟಕ್ಕೆ ಸಾಕಾಗಿ ಒಂದು ದಪ್ಪ ತುಂಡು ಮಿಗುವಷ್ಟೇ ಇತ್ತು. ಮೇಡಂ ಕಾರ್ಯಕ್ರಮ ಅವತ್ತೇ ಸಂಜೆ ಆರಕ್ಕೆ. ಮಧ್ಯಾಹ್ನ ಒಂದಕ್ಕೆ ಒಯ್ಯಲು ಬರುವವರಿದ್ದರು.

“ಆ ಕರುಳು ಹೊಸ್ತಿಲ ಒಳಗ ಬರಬಾರದು ನೋಡ್ರಿ,” ಎಂದು ಹೆಂಡತಿ ಶಿವಕಾಂತಾ ಬೆಳಿಗ್ಗೆಯೇ ಹೇಳಿದ್ದಳು. ಲಿಂಗ ಕಟ್ಟಿಕೊಂಡವರ ಮನೆ. ತತ್ತಿಯ ಹೆಸರೂ ಎತ್ತುವಂತಿಲ್ಲ. ಭುಜಂಗ ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂತ.

ಸಿತಾರಿಗೆ ಕಟ್ಟಿದಂತೆ ಪೆನ್ಸಿಲ್ ಗುರುತಿನ ಮೇಲೆಯೇ ಸುತ್ತಿ, ಗಂಟು ಬಿಗಿದು, ತುದಿಗಳನ್ನು ಊದಿನಕಡ್ಡಿಯಿಂದ ಸುಟ್ಟ. ಹನ್ನೆರಡಕ್ಕೆ ಬೆರಳಿಟ್ಟು ನೋಡಿದರೆ ಎಂಟೂ ತಲೆಯ ಕಡೆ ಜಾರಿದವು. ಸಿತಾರಿನ ಕತ್ತು ಉದ್ದಕ್ಕೂ ಒಂದೇ ಅಗಲ; ಇದು ತಲೆಯ ಕಡೆ ಸಪೂರ. ಕಣ್ಣಿಗೆ ಕಂಡಿತ್ತು, ಕೈ ಮಾತ್ರ ಹಳೇ ಪಾಠ ಒಪ್ಪಿಸಿತ್ತು. ಸುಟ್ಟ ಗಂಟು ಬಿಚ್ಚುವಂತಿಲ್ಲ. ಕುರಿಯ ಕರುಳು ಕೈಗೆ, ಅವನ ಜೀವ ಬಾಯಿಗೆ ಬಂತು.

“ಇಪ್ಪತ್ತು ವರ್ಷದ ಹೆಸರು ಇವತ್ತ ಜಾರಿ ಹೋಗ್ತದ,” ಎಂದ.

“ಮೊದಲ ಉಣ್ರಿ. ಆಮ್ಯಾಲೆ ಜಾರಲಿ.” ಬಾಗಿಲಿಂದ ಕಾಣುವಂತೆ ಒಳಗೆ ಕೂತಿದ್ದ ಶಿವಕಾಂತಾ ಹಿಟ್ಟಿಗೆ ಕೈ ಹಾಕುವ ಮುಂಚೆ ಮುಂಗೈಯ ಬಳೆಗಳನ್ನು ಮೊಳಕೈ ಕಡೆ ಸರಿಸಿದಳು. ಅಲ್ಲೇ ಕಚ್ಚಿಕೊಂಡವು. ಪಟಪಟ ರೊಟ್ಟಿ ಬಡಿದರೂ ಒಂದೂ ಇಳಿಯಲಿಲ್ಲ.

“ಆ ಬಳಿ ಯಾಕ ಜಾರವಲ್ವು?”

“ಮ್ಯಾಲೆ ಕೈ ದಪ್ಪ ಅದ, ಹಿಡಕೊಂತಾವ. ನಾ ದಪ್ಪ ಆಗೀನಿ ಅನ್ನಾಕ ಇಷ್ಟು ಸುತ್ತಿ ಬರಬೇಕಿತ್ತೇನ್ರಿ?”

ಭುಜಂಗ ಹೊಟ್ಟೆಯ ಕಡೆ ದಪ್ಪಗಾಗುತ್ತ ಹೋಗುವ ಕತ್ತನ್ನು ಸವರಿ, ಆ ತುದಿಯ ಎಂಟನೆಯ ಸುತ್ತನ್ನು ಕತ್ತರಿಸಿ ಎಸೆದ. ಏಳನೆಯದನ್ನು ಎಂಟರ ಗುರುತಿಗೆ ದೂಡಿದ. ಕಚ್ಚಿತು. ಆರು ಏಳಕ್ಕೆ, ಐದು ಆರಕ್ಕೆ, ಹೀಗೇ ಎಲ್ಲ ಒಂದೊಂದು ಮನೆ ಮುಂದೆ. ಮಿಕ್ಕ ದಪ್ಪ ತುಂಡನ್ನು ತಲೆಯ ಅಂಚಿಗೆ ಕಟ್ಟಿ ಒಂದನೆಯ ಗುರುತಿಗೆ ದೂಡಹೋದರೆ ಬೆವೆತ ಹೆಬ್ಬೆರಳೇ ಜಾರಿತು. ಓಣಿಯಲ್ಲಿ ಮೇಡಂ ಲೂನಾ ಗಾಡಿಯ ಸದ್ದು.

“ಸರೀರಿ ಅತ್ಲಾಗ.” ಶಿವಕಾಂತಾ ಹೊಸ್ತಿಲು ದಾಟಿ ಬಂದು ಹಿಟ್ಟಿನ ಹೆಬ್ಬೆರಳಿಂದ ಒತ್ತಿದಳು. ಸುತ್ತು ಗುರುತಿನ ಮೇಲೆ ಹೋಗಿ ಕೂತಿತು.

ಪಂಕಜಾಕ್ಷಿ ಮೀಟಿ ನೋಡಿ ತಲೆದೂಗಿದರು. “ಭುಜಂಗಣ್ಣ, ಇಲ್ಲಿ ಜೋಳದ ಹಿಟ್ಟು ಯಾಕ್ರಿ?”

“ಬಿಗಿ ಹಿಡೀಲಿ ಅಂತ್ರಿ.”

ಒಳಗಿಂದ ಚೊಂಬಿನ ನೀರಿನ ಸದ್ದು. ಶಿವಕಾಂತಾ ಅವತ್ತಿನ ಎರಡನೇ ಸ್ನಾನ ಮಾಡುತ್ತಿದ್ದಳು.