ತಮ್ಮಯ್ಯನ ಕೌದಿಯ ಬಟ್ಟೆ

ಯುದ್ಧದಲ್ಲಿ ಪಟ್ಟಣದ ಕೋಟೆ ಬಿದ್ದ ವರ್ಷದ ಕಾರ್ತಿಕದಲ್ಲಿ, ಕರಿಘಟ್ಟದ ತಪ್ಪಲಿನ ಊರಿನ ಮಂಚಮ್ಮ ಕೌದಿಗೆ ಬಟ್ಟೆ ಕೊಳ್ಳಲೆಂದು ಹಿರೋಡೆಯ ಸಂತೆಗೆ ಹೊರಟಳು. ಈಗಿನ ಪಾಂಡವಪುರಕ್ಕೆ ಆಗ ಹಿರೋಡೆಯೆಂದು ಹೆಸರು. ಹೊಸ್ತಿಲು ದಾಟುವಾಗಲೇ ಅವಳಿಗೆ ಸಿಟ್ಟು ಬಂದಿತ್ತು. ಕೌದಿಗೆ ಬಟ್ಟೆಯನ್ನು ಕೊಳ್ಳುವುದೆಂದರೇನು? ಅವಳು ಸೊಸೆಯಾಗಿ ಬಂದಂದಿನಿಂದ ಆ ಮನೆಯಲ್ಲಿ ಯಾರೂ ಅಂಥ ಕೆಲಸ ಮಾಡಿದ್ದಿಲ್ಲ. ಉಟ್ಟು ಹಳತಾದ ಸೀರೆ, ಪಂಚೆ, ಕೂಸಿನ ಕುಲಾವಿ, ಹರಿದ ರುಮಾಲು ಎಲ್ಲವನ್ನೂ ಒಗೆದು ಮಡಿಸಿ ಅಟ್ಟದ ಮೇಲಿನ ಗಂಟಿಗೆ ಸೇರಿಸುತ್ತಿದ್ದರು. ಚಳಿಗೆ ಮುಂಚೆ ಗಂಟನ್ನು ಇಳಿಸಿ, ಒಂದರ ಮೇಲೊಂದು ಹಾಸಿ, ಅಂಚಿನಿಂದ ನಡುವಿನವರೆಗೆ ಒತ್ತೊತ್ತಾಗಿ ದಾರ ಎಳೆದರೆ ಕೌದಿಯಾಯಿತು. ಅತ್ತೆ ಬಾಣಂತನದಲ್ಲಿ ಉಟ್ಟ ಸೀರೆ, ಗಂಡ ಕಡೆಯ ಸಲ ಗದ್ದೆಗೆ ಹೊದ್ದುಕೊಂಡು ಹೋದ ವಸ್ತ್ರ, ಎಲ್ಲ ಆ ಗಂಟಿನಲ್ಲಿದ್ದವು.

ಆ ಗಂಟು ಈಗ ಇರಲಿಲ್ಲ. ಬೇಸಿಗೆಯಲ್ಲಿ ದಂಡಿನ ಆಳುಗಳು ಬಂದು ಮನೆಮನೆಯ ಹಳೆಬಟ್ಟೆಯನ್ನು, ಹೊದೆಯುವ ಕೌದಿಯನ್ನೂ ಬಿಡದೆ, ಬಾಚಿಕೊಂಡು ಹೋಗಿದ್ದರು. ತೋಪಿಗೆ ಮದ್ದು ತುಂಬಿ ಮೇಲೆ ತುರುಕುವುದಕ್ಕೆ ಬಟ್ಟೆ ಬೇಕಂತೆ. ಯಾವ ದಂಡಿನವರೆಂದು ಮಂಚಮ್ಮ ವಿಚಾರಿಸಲೂ ಇಲ್ಲ. ಯಾರ ದಂಡಾದರೇನು, ಮೂರು ತಲೆಮಾರಿನವರು ಉಟ್ಟ ಬಟ್ಟೆ ತೋಪಿನ ಬಾಯಿಗೆ ಹೋಯಿತು. ಪಟ್ಟಣದ ಕಡೆಯಿಂದ ಗುಂಡಿನ ಸದ್ದು ಕೇಳಿದಾಗಲೆಲ್ಲ ಅವಳು ಜಗಲಿಯ ಮೇಲೆ ಕುಳಿತು, “ಅಗೋ, ನಮ್ಮತ್ತೆ ಸೀರೆ ಓಯ್ತು” ಎನ್ನುತ್ತಿದ್ದಳು. ಕೇಳಿದವರು ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ.

ಗಂಟಿನ ಹಿಂದೆಯೇ ಎತ್ತುಗಳು ಹೋದವು, ಎತ್ತುಗಳ ಹಿಂದೆ ಮಗ ತಮ್ಮಯ್ಯ ಹೋದ. ತೋಪೆಳೆಯುವುದಕ್ಕೆ ಎತ್ತು ಬೇಕಾಗಿದ್ದವು. ಅತ್ತಿಕುಪ್ಪೆಯ ಕಡೆಯಿಂದ ತಮ್ಮಯ್ಯನೇ ಆರಿಸಿ ತಂದ ಜೋಡಿ. ಒಂದು ಬೆಳ್ಳ, ಇನ್ನೊಂದು ಮಾಸ. ಆ ದಿನ ಶನಿವಾರ. ಮಂಚಮ್ಮ ಬೆಟ್ಟ ಹತ್ತಿ ಶ್ರೀನಿವಾಸನ ಮುಂದೆ ಕೈಮುಗಿದು ನಿಂತಿದ್ದಳು. ಇಳಿದು ಬಂದಾಗ ಕೊಟ್ಟಿಗೆ ಖಾಲಿ. ಮುಂಗಾರು ಬಂದು ಹೋಯಿತು, ರಾಗಿ ತೆನೆ ಬಲಿಯಿತು, ಮಗ ಬರಲಿಲ್ಲ. ಸತ್ತನೆಂದು ಹೇಳುವವರೂ ಬರಲಿಲ್ಲ. “ನನ್ ಮಗನ್ನ ಇಡ್ಕೊಂಡೋದ್ರು” ಎಂದು ಅವಳು ಕಂಡವರಿಗೆಲ್ಲ ಹೇಳಿದಳು. ಶನಿವಾರ ಶನಿವಾರ ದೇವರಿಗೂ ಹೇಳಿದಳು, ಮೊದಮೊದಲು ಅತ್ತು, ಆಮೇಲೆ ಬೈದು. ‘ನಿನ್ನ ಪೂಜೆಗೆ ಬಂದ ಹೊತ್ತಿನಲ್ಲೇ ನನ್ನ ಮನೆ ಬರಿದು ಮಾಡಿದೆಯಲ್ಲ’ ಎಂದು ಕೇಳಿದಳು. ಅರ್ಚಕರು ಕೇಳಿಸಿಕೊಳ್ಳದವರಂತೆ ತೀರ್ಥ ಕೊಟ್ಟರು.

ಸಂತೆಗೆ ಹೊರಟವರು ಮೂವರು. ಮುಂದೆ ಮಂಚಮ್ಮ, ಹಿಂದೆ ಹೆಣ್ಣುಕೂಸನ್ನು ಕಂಕುಳಲ್ಲಿ ಎತ್ತಿಕೊಂಡ ಸೊಸೆ ಚಿಕ್ಕಬೋರಮ್ಮ, ಅವಳ ಹಿಂದೆ, ಬಟ್ಟೆಗೆ ಬದಲು ಕೊಡಬೇಕಾದ ಹರಳುಬೀಜದ ಮೂಟೆಯನ್ನು ಹೊತ್ತ, ಬೇರೆ ಮನೆ ಹೂಡಿದ್ದ ಮಂಚಮ್ಮನ ಮೈದುನ ಚಲುವಯ್ಯ. ಲೋಕಪಾವನಿಯನ್ನು ದಾಟಿ ಮೂಟೆ ಇಳಿಸಿದಾಗ ಚಲುವಯ್ಯ ಕೇಳಿದ.

“ಎಷ್ಟು ಕೌದಿಗೆ ತಗಳದು ಅತ್ಗೆ?”

“ಎಷ್ಟು ಜನ ಮಲಗ್ತೀವೋ ಅಷ್ಟಕ್ಕೆ.”

“ಅಂಗಾರೆ ನೀನು, ಬೋರಿ. ಕೂಸು ಅವ್ವನ ಮಗ್ಗುಲಲ್ಲೇ ಮಲಗ್ತದೆ.”

“ನಿಮ್ಮಣ್ಣನ ಮಗ ಎಲ್ಲಿ ಮಲಗ್ತಾನ್ಲಾ? ನಿನ್ ನೆತ್ತಿ ಮೇಲಾ?”

ಚಲುವಯ್ಯ ಮೂಟೆಯನ್ನು ಮತ್ತೆ ತಲೆಗೇರಿಸಿಕೊಂಡ. ಸ್ವಲ್ಪ ದೂರ ನಡೆದ ಮೇಲೆ ಮೆಲ್ಲಗೆ ಹೇಳಿದ. “ಅವನಿಲ್ದೆ ಅಳತೆ ಯಂಗೆ ತಗತೀಯೆ? ನೀನೇ ಯೋಳ್ತಿದ್ದೆಯಲ್ಲ.”

ಸಿಟ್ಟಿನ ಬೇರು ಇದ್ದದ್ದೇ ಅಲ್ಲಿ. ಅವರ ಮನೆತನದಲ್ಲಿ ಒಂದು ಕಟ್ಟಳೆಯಿತ್ತು. ಒಬ್ಬರ ಮೈಗೆಂದು ಹೊಸ ಬಟ್ಟೆ ಹರಿಯುವುದಾದರೆ ಆ ಒಬ್ಬರು ಎದುರಿಗೆ ನಿಲ್ಲಬೇಕು. ನೆತ್ತಿಯಿಂದ ಪಾದದವರೆಗೆ ಬಟ್ಟೆ ಹಿಡಿದು, ಮೇಲೊಂದು ಗೇಣು ಬಿಟ್ಟು, ಆಮೇಲೆ ಹರಿಯಬೇಕು. ಎದುರಿಗೆ ನಿಲ್ಲಿಸಿ ಅಳತೆ ತೆಗೆಯದೆ ಬಟ್ಟೆ ಹರಿಯುವುದು ಹೆಣಕ್ಕೆ ಮಾತ್ರ. ಅತ್ತೆ ಅವಳಿಗೆ ಕಲಿಸಿದ್ದಳು, ಅವಳು ಸೊಸೆಗೆ ಕಲಿಸಿದ್ದಳು. ಈಗ ಮಗನಿಗೆ ಬಟ್ಟೆ ಕೊಂಡರೆ ಅವನ ಹೆಣಕ್ಕೆ ಕೊಂಡ ಹಾಗೆ. ಕೊಳ್ಳದೆ ಬಂದರೆ ಈ ಮನೆಯಲ್ಲಿ ಮಲಗುವವರ ಲೆಕ್ಕದಿಂದ ಅವನನ್ನು ತೆಗೆದುಹಾಕಿದ ಹಾಗೆ. ಗಂಟೊಂದಿದ್ದಿದ್ದರೆ ಈ ಮಾತೇ ಹುಟ್ಟುತ್ತಿರಲಿಲ್ಲ, ಹಳೆಬಟ್ಟೆಗೆ ಕಟ್ಟಳೆಯಿಲ್ಲ. ಆ ಗಂಟನ್ನು ಹೊತ್ತುಕೊಂಡು ಹೋದವರ ಕೈ ಸೇದಿಹೋಗಲೆಂದು ಶಪಿಸುತ್ತ ಅವಳು ದಾರಿಯುದ್ದಕ್ಕೂ ನಡೆದಳು.

ಸಂತೆಯಲ್ಲಿ ನಾಗಮಂಗಲದ ನಂಜಶೆಟ್ಟಿ ಹುಣಸೆ ಮರದ ಕೆಳಗೆ ಮಗ್ಗದ ಒರಟು ಬಟ್ಟೆಯನ್ನು ಹರಡಿಕೊಂಡು ಕುಳಿತಿದ್ದ. ಹರಳನ್ನು ಕೈಯಲ್ಲಿ ತೂಗಿ ನೋಡಿ, ಸರಿ ಎಂದು ತಲೆಯಾಡಿಸಿದ. ಕೌದಿಗೆಂದು ಕೇಳಿ ಅವನಿಗೆ ನಗು ಬಂತು.

“ಕೌದಿಗೂ ನೇದ ಬಟ್ಟೆ ಕೊಳ್ಳೋ ಕಾಲ ಬಂತಲ್ಲವ್ವಾ. ಸಿರಿವಂತ್ರಾಗ್ಬುಟ್ರಿ.”

“ಊಂ, ತೋಪಿಗೆಲ್ಲ ಸೀರೆ ಉಡಿಸೋ ಅಷ್ಟು ಸಿರಿ. ಅಳೀಯಪ್ಪ ಸುಮ್ನೆ.”

ಮಂಚಮ್ಮ ಹೇಳಿದಂತೆ ಶೆಟ್ಟಿ ಮೊದಲು ಕೂಸನ್ನು ನಿಲ್ಲಿಸಿದ. ಅದು ಬಟ್ಟೆಯ ತುದಿಯನ್ನು ಬಾಯಿಗಿಟ್ಟುಕೊಂಡಿತು. ಇದ್ದಿಲಿನಿಂದ ಗುರುತು ಹಾಕಿದ. ಬೋರಿ ನಿಂತಳು, ಗುರುತು ಬಿತ್ತು. ಮಂಚಮ್ಮ ನಿಂತಳು, ಗುರುತು ಬಿತ್ತು. ಶೆಟ್ಟಿ ಹರಿಯಲು ಬಟ್ಟೆಯನ್ನು ಎರಡು ಕೈಯಲ್ಲೂ ಹಿಡಿದ.

“ತಡಿ. ಇನ್ನೊಬ್ಬನವ್ನೆ.”

“ಕರೀರಿ ಮತ್ತೆ. ನಿಂತ್ಕೊಳ್ಲಿ.”

ಮಂಚಮ್ಮ ಮೈದುನನ ಕಡೆಗೆ ತಿರುಗಿದಳು. “ಚಲುವ, ನೀನು ನಿಂತ್ಕೊ. ನಿಂಗೂ ಅವನಿಗೂ ಒಂದೇ ಎತ್ತರ.”

ಚಲುವಯ್ಯ ಎರಡು ಹೆಜ್ಜೆ ಹಿಂದಕ್ಕೆ ಸರಿದ. “ಬ್ಯಾಡ ಅತ್ಗೆ. ಒಬ್ಬನ ಬದ್ಲು ಒಬ್ಬ ಅಳತೆಗೆ ನಿಲ್ಲೋದುಂಟಾ? ನಂಗೂ ಎಂಡ್ರು ಮಕ್ಳು ಅವ್ರೆ.”

“ನಿಂತ್ಕಂಡ್ರೆ ಸಾಯ್ತೀಯಾ?”

“ಅದನ್ನೇ ನಾನು ಯೋಳ್ತಿರೋದು.”

ಪಕ್ಕದಲ್ಲಿ ಉಪ್ಪು ಮಾರುತ್ತಿದ್ದವಳು ಕಿಸಕ್ಕನೆ ನಕ್ಕಳು. ಮಂಚಮ್ಮನ ಕಿವಿಯವರೆಗೂ ಬೆಂಕಿ ಏರಿತು. ಅದು ಉಪ್ಪಿನವಳ ಮೇಲೂ ಬೀಳಲಿಲ್ಲ, ಚಲುವಯ್ಯನ ಮೇಲೂ ಬೀಳಲಿಲ್ಲ, ಬೋರಿಯ ಮೇಲೆ ಬಿತ್ತು.

“ಇವಳ್ನ ನೋಡು, ಕಲ್ಲು ಕಂಬದಂಗೆ ನಿಂತವಳೆ. ಆರ್ ತಿಂಗಳಾಯ್ತು, ಗಂಡ ಅನ್ನೋ ಮಾತು ಬಾಯಾಗೆ ಬರ್ನಿಲ್ಲ. ಅವನಿಗೊಂದು ಕೌದಿ ಬೇಕು ಅಂತ ನೀನಲ್ವೇನೆ ಕೇಳ್ಬೇಕಾದೋಳು?”

ಬೋರಿ ಕೂಸನ್ನು ಕಂಕುಳಿಂದ ಕಂಕುಳಿಗೆ ಬದಲಿಸಿದಳು. “ಬ್ಯಾಡಿ ಅತ್ತೆ. ನಿಮ್ಮಗನಿಗೆ ಕೌದಿ ಬ್ಯಾಡ.”

“ಏನಂದೆ?”

“ಕೌದಿ ಬ್ಯಾಡ ಅಂದೆ. ನಿಮ್ಮಗ ಯಾವತ್ತು ಕೌದಿ ಒದ್ಕಂಡು ಮಲಗಿದ್ರು? ನೀವು ವರ್ಸ ವರ್ಸ ಕಣ್ ಕಿತ್ಕೊಂಡು ಒಲ್ದು ಕೊಟ್ರಿ. ಅವ್ರು ಕೊಟ್ಟಿಗೆಗೆ ಒತ್ಕಂಡೋಗಿ ಬೆಳ್ಳನ ಮೇಲೆ ಒಂದ್ ದಿನ, ಮಾಸನ ಮೇಲೆ ಒಂದ್ ದಿನ ಒದಿಸ್ತಿದ್ರು. ಕೋಳಿ ಕೂಗೋಕ್ಮುಂಚೆ ತಂದು ಮಡಚಿ ಮಡಗೋರು. ಗಂಜಲ ನಾರ್ತದೆ, ನೆಟ್ಟಗೆ ಒಗಿಯಕ್ಕಿಲ್ಲ ಅಂತ ನೀವು ನನ್ನ ಬೋದ್ರಿ. ಯೋಳಬ್ಯಾಡ ಕಣೆ ಅಂದಿದ್ರು. ಅದಕ್ಕೇ ಬೋಯಿಸ್ಕಂಡೆ.”

ಬೋರಿ ನಿಲ್ಲಿಸಲಿಲ್ಲ. ಆರು ತಿಂಗಳು ಬಿಗಿಹಿಡಿದದ್ದು ಒಮ್ಮೆಗೇ ಕಿತ್ತುಕೊಂಡಿತ್ತು.

“ಇನ್ನೂ ಒಂದು ಯೋಳ್ತೀನಿ ಕೇಳಿ. ಅವರ್ನ ಯಾರೂ ಇಡ್ಕೊಂಡೋಗ್ನಿಲ್ಲ. ದಂಡ್ನೋರು ಕೇಳಿದ್ದು ಎತ್ತು. ಕೊಟ್ಟು ಮನೇಲಿ ಕೂತ್ಕಬೋದಿತ್ತು. ಕಂಡೋರ ಕೈಯಾಗೆ ಬಾರ್ಕೋಲೇಟು ತಿಂತವೆ ಅಂತ ತಾವೇ ನೊಗದ ಮಗ್ಗುಲಿಗೆ ನಿಂತ್ಕಂಡು ಒಂಟೋದ್ರು. ನಾನು ಬಾಗ್ಲಲ್ಲಿ ಅಡ್ಡ ನಿಂತೆ. ಸರ್ಕೊ ಅಂದ್ರು. ನನ್ ಮಕ ನೋಡ್ನಿಲ್ಲ, ಈ ಕೂಸಿನ್ ಮಕ ನೋಡ್ನಿಲ್ಲ. ನೀವು ಬೆಟ್ಟದ್ ಮೇಲಿದ್ರಿ.”

ಮಂಚಮ್ಮ ಕೈ ಎತ್ತಿದಳು. ಹೊಡೆಯುವುದಕ್ಕೆಂದೇ ಎತ್ತಿದ್ದು. ಬೋರಿ ಮುಖ ತಿರುಗಿಸಲಿಲ್ಲ, ಕಣ್ಣು ಮುಚ್ಚಲೂ ಇಲ್ಲ. ಹೊಡೆದರೆ ತಿರುಗಿ ಹೊಡೆಯುವವಳ ಹಾಗೆ ನಿಂತಿದ್ದಳು. ಎತ್ತಿದ ಕೈಯನ್ನು ಮಂಚಮ್ಮ ತನ್ನ ತಲೆಯ ಮೇಲೆಯೇ ಇಟ್ಟುಕೊಂಡಳು.

ಇಷ್ಟು ದಿನ ಅವಳು ದಂಡನ್ನು ಬೈದಿದ್ದಳು, ದೊರೆಗಳನ್ನು ಬೈದಿದ್ದಳು, ದೇವರನ್ನು ಬೈದಿದ್ದಳು. ಮಗನನ್ನು ಬೈದಿರಲಿಲ್ಲ, ಬಾರದವನನ್ನು ಬೈಯಲು ಬಾಯಿ ಬಂದಿರಲಿಲ್ಲ. ಈಗ ಬಂತು. ರಾಗಿಮುದ್ದೆ ಆರಿ ಕಲ್ಲಾದ ಮೇಲೆ ಬಾಗಿಲಿಗೆ ಬಂದು ನಿಂತವನ ಮೇಲೆ ಬರುವಂಥ ಸಿಟ್ಟು.

“ಬೇವರ್ಸಿ,” ಎಂದಳು. “ನಾನು ಅತ್ತೆ ಸೀರೆ ಹಾಕಿ ಒಲ್ದಿದ್ನಲ್ಲೋ. ಎತ್ತಿಗಾ ಒದಿಸ್ದೆ? ಬರ್ಲಿ ಅವನು. ಬಾಗ್ಲಿಗೆ ಬರ್ಲಿ.”

ಮಂಚಮ್ಮ ಶೆಟ್ಟಿಯ ಕೈಯಿಂದ ಬಟ್ಟೆಯ ತುದಿಯನ್ನು ಕಿತ್ತುಕೊಂಡು, ಥಾನಿನ ಸುರುಳಿ ಬಿಚ್ಚುತ್ತ, ಮರದಾಚೆ ಗಾಡಿಯ ಪಕ್ಕದಲ್ಲಿ ಕಟ್ಟಿದ್ದ ಎತ್ತಿನ ಕಡೆಗೆ ನಡೆದಳು. ಬಟ್ಟೆಯನ್ನು ಅದರ ಬೆನ್ನ ಮೇಲೆ ಎಸೆದಳು. ಗಾಡಿಯ ಕೆಳಗೆ ಮಲಗಿದ್ದವನು ಎದ್ದು ಕುಳಿತ.

“ಏನವ್ವಾ ಇದು? ಎತ್ತು ಮಾರಕ್ಕಿಲ್ಲ.”

“ನಿನ್ ಬಡಕಲೆತ್ತು ಯಾರಿಗ್ ಬೇಕ್ಲಾ? ಸುಮ್ನೆ ಅದರ್ ಮೂಗುದಾರ ಇಡ್ಕೊ.” ಆಮೇಲೆ ಹಿಂದೆ ತಿರುಗಿ, “ಬೋರಿ, ಆ ತುದಿ ಇಡ್ಕೊ” ಎಂದಳು.

ಬೋರಿ ಕೂಸನ್ನು ಚಲುವಯ್ಯನ ಕೈಗೆ ಕೊಟ್ಟು ಬಂದಳು. ಕತ್ತಿನ ಹಿಂದಿನ ಹಿಣಿಲಿನಿಂದ ಬಾಲದ ಬುಡಕ್ಕೆ ಒಬ್ಬಳು ಎಳೆದಳು. ಬೆನ್ನಿನಿಂದ ಹೊಟ್ಟೆಯವರೆಗೆ ಇನ್ನೊಬ್ಬಳು ಇಳಿಬಿಟ್ಟಳು. ಎತ್ತು ಕಿವಿ ಬಡಿಯಿತು.

“ಸಾಲ್ದು,” ಎಂದಳು ಬೋರಿ. “ಮಾಸ ಇದಕ್ಕಿಂತ ಉದ್ದ.”

“ಎಷ್ಟು?”

“ಒಂದು ಗೇಣು.”

“ಬೆಳ್ಳ?”

“ಇಷ್ಟೇ. ಒಟ್ಟೆ ಒಸಿ ದಪ್ಪ.”

ಮಂಚಮ್ಮ ಗೇಣು ಹಾಕಿ ಬಟ್ಟೆಯನ್ನು ಉಗುರಿನಿಂದ ಗೀರಿದಳು. ಚಲುವಯ್ಯ ಅಳುವ ಕೂಸನ್ನು ಕುಣಿಸುತ್ತ ಹತ್ತಿರ ಬಂದ. “ಎದ್ರಿಗಿಲ್ದ ಎತ್ತಿಗೆ ಅಳತೆ ತಗೋಬೋದಾ ಅತ್ಗೆ?”

“ಎತ್ತಿಗೆ ಯಾವನ್ಲಾ ಕಟ್ಟಳೆ ಮಾಡ್ದೋನು?” ಎಂದಳು ಮಂಚಮ್ಮ. “ಶೆಟ್ಟಿ, ಎರಡೆತ್ತಿಗೆ ಅರಿ. ಮಾಸನ್ದು ಒಂದು ಗೇಣು ಉದ್ದ.”

ಶೆಟ್ಟಿ ಹರಳಿನ ಮೂಟೆಯನ್ನು ನೋಡಿದ, ಥಾನನ್ನು ನೋಡಿದ. “ಎರಡೆತ್ತಿಗೂ, ಮೂರ್ ಜನಕ್ಕೂ ಈ ಹರಳು ಸಾಲಕ್ಕಿಲ್ಲ ಕಣವ್ವ.”

“ನಮಗೆ ಮೂರ್ ಜನಕ್ಕೂ ಸೇರಿ ಒಂದು ಅರಿ. ಇವಳು, ಕೂಸು, ನಾನು, ಒಂದರಾಗೇ ಮಲೀಕತೀವಿ.” ಸೊಸೆಯ ಕಡೆಗೆ ನೋಡದೆ ಸೇರಿಸಿದಳು. “ಇವಳು ಕಾಲು ಒದೀದಿದ್ರೆ.”

“ಒದಿಯೋರು ನೀವು,” ಎಂದಳು ಬೋರಿ.

ಬಟ್ಟೆ ಪರಪರನೆ ಹರಿಯಿತು. ಶೆಟ್ಟಿ ಮೂರನ್ನೂ ಮಡಿಸಿ ಕೊಟ್ಟ. ಮಂಚಮ್ಮ ಗಂಟು ಕಟ್ಟಿದಳು. ಎತ್ತಿನವು ಅಡಿಯಲ್ಲಿ, ತಮ್ಮದು ಮೇಲೆ. ಹೊರಡುವಾಗ ದೂರದಲ್ಲಿ ಕರಿಘಟ್ಟ ಕಾಣುತ್ತಿತ್ತು. ಅವಳು ಅದರತ್ತ ಒಮ್ಮೆ ನೋಡಿದಳು, ಕೈ ಮುಗಿಯಲಿಲ್ಲ. ನಾಳೆ ಶನಿವಾರ, ನಾಳೆ ಮಾತಾಡಿಕೊಳ್ಳುತ್ತೇನೆ ಎಂಬಂತೆ ಸೆರಗನ್ನು ಬಿಗಿದಳು.

ಹೊಳೆಯ ಹತ್ತಿರ ಬಂದಾಗ ಬೋರಿ ಹೇಳಿದಳು. “ಎತ್ತಿನ ಕೌದಿ ಗಂಜಲ ನಾತ ಒಡೆದ್ರೆ ನನ್ನ ಬೋಯ್ಯಬ್ಯಾಡಿ ಅತ್ತೆ.”

ಮಂಚಮ್ಮ ಗಂಟನ್ನು ತಲೆಗೆ ಸರಿಮಾಡಿಕೊಂಡು ನೀರಿಗಿಳಿದಳು.

“ನಿನ್ನ ಯಾಕೆ ಬೋಯ್ಲಿ? ಅವನೇ ಬಂದು ಒಗೀಲಿ.”