ಗುಡಿಸಿಟ್ಟ ಗೋರಿಗಳು

"ಏ ಮುದುಕಿ, ಇದು ಪ್ರಾರ್ಥನೆ ಮಾಡೋ ಜಾಗವೋ ತಿಪ್ಪೆಯೋ? ಸತ್ತೋರ ಮೇಲೆ ಒಡೆದ ಬಟ್ಟಲು ಸುರಿಯೋ ದರಿದ್ರ ಜನ, ಕೋರ್ಟಲ್ಲಿ ಬೇರೆ ನಮ್ಮೆದುರು ನಿಂತಿದ್ದೀರಾ!"

ಗಾಲ್ಫ್ ಕಂಪನಿಯ ಮ್ಯಾನೇಜರ್ ಪ್ರಿಂಗಲ್ ಬೇಲಿಯಾಚೆ ನಿಂತು ಉಗಿದ. ಸಬ್ರಾ ದೊಡ್ಡವ್ವ ತಿರುಗಿ ನೋಡಲಿಲ್ಲ. ಗಂಡನ ಗೋರಿಯ ಮೇಲಿದ್ದ ನೀಲಿ ಬಟ್ಟಲಿನ ಚೂರುಗಳನ್ನು ಸರಿಮಾಡಿದಳು.

ಅಮೆರಿಕದ ಕೆರೊಲಿನಾದ ಈ ದ್ವೀಪದಲ್ಲಿ ನಾವು ಗೋರಿಗೆ ಕಲ್ಲು ನಿಲ್ಲಿಸಿದವರಲ್ಲ. ಸತ್ತವರು ಕೊನೆಗೆ ಕುಡಿದ ಬಟ್ಟಲನ್ನು ಒಡೆದು ಅವರ ಮಣ್ಣಿನ ಮೇಲಿಡುತ್ತೇವೆ. ಸಾವಿನ ಸರಪಳಿ ಅಲ್ಲಿಗೇ ಕಡಿಯಲಿ, ಮನೆಯವರ ಬೆನ್ನು ಹತ್ತದಿರಲಿ ಎಂದು. ಆ ಗೋರಿಗಳ ನಡುವೆ ನಮ್ಮ ಸ್ತುತಿಮನೆ. ನಾಲ್ಕು ಬೆಂಚು ಹಿಡಿಸುವ ಹಲಗೆಯ ಗುಡಿಸಲು. ಧಣಿಯ ಹತ್ತಿ ಹೊಲದಲ್ಲಿ ಗುಲಾಮರಾಗಿದ್ದಾಗಲೇ ನಮ್ಮ ಹಿರಿಯರು ಪ್ರಾರ್ಥನೆಗೆಂದು ಕಟ್ಟಿದ್ದು.

ಹೊಲ ಕೊಂಡ ಕಂಪನಿ ಈ ಜಾಗವೂ ತನ್ನದೆಂದು ದಾವೆ ಹೂಡಿತು. ಹಿರಿಯರನ್ನು ಅಲ್ಲಿ ಹೂಳುತ್ತ ಬಂದ ಗುರುತು ತೋರಿಸಿದರೆ ಜಾಗ ನಿಮ್ಮದೇ ಎಂದರು ನ್ಯಾಯಾಧೀಶರು. ಸೋಮವಾರ ಕೋರ್ಟಿನವರು ನೋಡಲು ಬರುವುದಿತ್ತು.

ಭಾನುವಾರ ನಾವೆಲ್ಲ ಸ್ತುತಿಮನೆಯಲ್ಲಿ ಸುತ್ತುಗಟ್ಟಿ ಹೆಜ್ಜೆ ಹಾಕುತ್ತ ದೇವರನ್ನು ಕರೆದು ಮನೆಗೆ ಹೋದೆವು. ಸ್ತುತಿಮನೆಯ ಹಿರಿಯ ಐಸಮ್ ಮಾತ್ರ ಉಳಿದ. ವಾರವೆಲ್ಲ ಪ್ರಿಂಗಲ್‌ನ ಹುಲ್ಲು ಕತ್ತರಿಸಿ ಅವನ ಬೈಗುಳ ನುಂಗಿದವನು. ದೊಡ್ಡವರು ಬರುವಾಗ ಚೊಕ್ಕಟವಾಗಿರಲಿ ಎಂದು ಚೂರುಗಳನ್ನೆಲ್ಲ ಆರಿಸಿ, ಗೋಣಿಗೆ ತುಂಬಿ, ಕಡಲಿಗೆ ಸುರಿದ. ಮರಳನ್ನು ಮಟ್ಟಸವಾಗಿ ಗುಡಿಸಿದ.

ಬಂದವರು ಬರೆದುಕೊಂಡು ಹೋದರು: ಬರಿಯ ಬಯಲು. ಗೋರಿಗಳಿಲ್ಲ.

"ನಿನ್ನ ಗಂಡನ್ನ ಎಲ್ಲಿ ಹೂತಿದ್ದೀರಮ್ಮ?" ಕಂಪನಿಯ ವಕೀಲ ಕೋರ್ಟಿನಲ್ಲಿ ಕೇಳಿದ.

"ನೀಲಿ ಬಟ್ಲು ಕೆಳ್ಗೆ ಕಣಪ್ಪ," ಎಂದಳು ದೊಡ್ಡವ್ವ.

"ಬಟ್ಟಲೆಲ್ಲಿ?"

ಐಸಮ್ ಎದ್ದು ನಿಂತ. "ನಾನೇ ತೆಗ್ದೆ ಸ್ವಾಮಿ. ತಮ್ಮಂಥೋರು ಬತ್ತೀರಿ, ಗಲೀಜು ಕಾಣ್ತದೆ ಅಂತ..."

"ಗಲೀಜು!" ವಕೀಲ ನಕ್ಕ. "ಅವರೇ ಒಪ್ಪಿಕೊಂಡರಲ್ಲ." ಕೋರ್ಟೆಲ್ಲ ನಕ್ಕಿತು. ದೊಡ್ಡವ್ವ ಐಸಮ್‌ನನ್ನು ಬೈಯಲಿಲ್ಲ. ಅದನ್ನೇ ಅವನಿಗೆ ತಡೆಯಲಾಗಲಿಲ್ಲ.

ತೀರ್ಪು ಕಂಪನಿಯ ಕಡೆಗಾಯಿತು. ಸ್ತುತಿಮನೆಯನ್ನು ಒಂದೇ ಬೆಳಿಗ್ಗೆಯಲ್ಲಿ ಕೆಡವಿದರು. ವರ್ಷ ತುಂಬುವುದರೊಳಗೆ ಅಲ್ಲೆಲ್ಲ ಹುಲ್ಲುಹಾಸು. ದೊಡ್ಡವ್ವನ ಗಂಡ ಮಲಗಿದ್ದಲ್ಲಿ ಚೆಂಡು ಬೀಳಿಸುವ ಕುಳಿ, ಅದಕ್ಕೊಂದು ಕೆಂಪು ಬಾವುಟ.

ಒಂದು ದಿನ ಆಟ ನಡೆದಿದ್ದಾಗಲೇ ದೊಡ್ಡವ್ವ ಅಲ್ಲಿಗೆ ನಡೆದು ಹೋದಳು. ನಾವು ಬೇಲಿಗೆ ಒರಗಿ ನಿಂತೆವು. ಉದ್ದನೆಯ ಅಂಗಿಯ ಜೇಬಿನಿಂದ ತನ್ನ ಚಹಾ ಬಟ್ಟಲು ತೆಗೆದು, ಬಾವುಟದ ಕಂಬಕ್ಕೆ ಬಡಿದು ಒಡೆದಳು.

"ತೊಲಗೇ, ಹುಚ್ಚು ಮುಂಡೆ!" ಪ್ರಿಂಗಲ್ ಓಡಿಬಂದ.

"ನಾ ಕಡೇದಾಗಿ ಕುಡ್ದ ಬಟ್ಲು ಕಣ್ಲಾ ಇದು. ಇನ್ನು ನೀರೂ ಮುಟ್ಟಾಕಿಲ್ಲ. ಕೋರ್ಟ್ನೋರ್ಗೆ ಹೇಳು, ಇಲ್ಲೊಂದು ಗೋರಿ ಐತೆ, ಬರ್ಕೊಳ್ಳಿ ಅಂತ." ಹೇಳಿ, ಚೂರುಗಳ ಪಕ್ಕದಲ್ಲೇ ಚಾಚಿಕೊಂಡು ಮಲಗಿದಳು.

ಪ್ರಿಂಗಲ್ ಕೈತಟ್ಟಿ ಕರೆದ. "ಐಸಮ್! ಬಾರೋ, ಗುಡಿಸೋ ಇದನ್ನ!"

ಐಸಮ್ ಪೊರಕೆ ಹಿಡಿದು ಬಂದ. ಮಂಡಿಯೂರಿದ. ಪೊರಕೆಯನ್ನು ಬದಿಗಿಟ್ಟು, ಒಂದು ಚೂರನ್ನು ಎತ್ತಿಕೊಂಡು, ಅಂಗೈಯಿಂದ ಒತ್ತಿ ಒತ್ತಿ ಮಣ್ಣಿಗೆ ನೆಟ್ಟ. ಅಂಗೈ ಸೀಳಿ ಹುಲ್ಲು ಕೆಂಪಾಯಿತು. ಅವನು ಇನ್ನೊಂದು ಚೂರಿಗೆ ಕೈ ಚಾಚಿದ.